ಹೊಟ್ಟೆ ತುಂಬಿದ ಕೌದಿ

ಮನೆಯಲ್ಲಿರುವುದು ಒಂದೇ ಒಂದು ದಪ್ಪ ರಗ್ಗು. ಅದನ್ನೂ ಹೆಂಡತಿ ಹಾಸನಕ್ಕೆ ಹೊತ್ತುಕೊಂಡು ಹೋದರೆ ಗಂಡನಾದವನು ಮಾರ್ಗಶಿರ, ಪುಷ್ಯ ಎಂಬ ಎರಡು ಮಾಸಗಳನ್ನು ದಾಟುವುದು ಹೇಗೆ? ಚಾಮರಾಜಪೇಟೆಯ ವಠಾರವೊಂದರ ಮೂರನೆಯ ಮನೆಯಲ್ಲಿ, ಕಿಟಕಿಯ ಸಂದಿಗೆಲ್ಲ ಹಳೆಯ ಪತ್ರಿಕೆ ತುರುಕಿ ಕುಳಿತಿದ್ದ ಅಪ್ಪಯ್ಯನವರು ಈ ಪ್ರಶ್ನೆಯನ್ನು ದಿನಕ್ಕೆ ಮೂರು ಸಲ ಗಟ್ಟಿಯಾಗಿಯೇ ಕೇಳುತ್ತಿದ್ದರು. ಉತ್ತರ ಹೇಳಬೇಕಾದವರು ಮನೆಯಲ್ಲಿರಲಿಲ್ಲ. (ಇದ್ದಿದ್ದರೆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ; ರಗ್ಗೂ ಇರುತ್ತಿತ್ತು.)

ಹೆಂಡತಿ ನಾರಾಯಣಮ್ಮ ಮಗಳು ಬಿಂದುಶ್ರೀಯ ಬಾಣಂತನಕ್ಕೆಂದು ದೀಪಾವಳಿಗೆ ಮೊದಲೇ ಹೊರಟಿದ್ದರು. ಬಾಣಂತನ ತಾಯಿಯ ಮನೆಯಲ್ಲೇ ಆಗಬೇಕು ಎನ್ನುವುದು ನಿಜ. ಆದರೆ ಮಗಳನ್ನು ನೋಡುವ ಡಾಕ್ಟರು ಹಾಸನದವರು, ವಠಾರದ ಬಚ್ಚಲಿಗೋ ಮೂರು ಮೆಟ್ಟಿಲು ಇಳಿಯಬೇಕು. ಆದ್ದರಿಂದ ತಾಯಿಯ ಮನೆಯೇ ಎದ್ದು ಮಗಳ ಮನೆಗೆ ಹೋಯಿತು. ಹೋಗುವ ದಿನ ಬಾಗಿಲಲ್ಲಿ ರಗ್ಗಿನ ಮಾತು ಬಂತು.

“ಹಾಸನದ ಚಳಿ ನಿಮಗೆ ಗೊತ್ತಿಲ್ಲ. ಬೆಂಗಳೂರಲ್ಲೇನ್ರೀ ಚಳಿ? ಒಂದು ಬೆಡ್‌ಶೀಟ್ ಹೊದ್ಕೊಂಡ್ರೆ ಆಯ್ತು.”

“ಧಾರಾಳವಾಗಿ ತಗೊಂಡ್ಹೋಗು. ನನಗೇನು ಕಡಿಮೆ?”

“ಸಂಕ್ರಾಂತಿಗೆ ಬಂದ್ಬಿಡ್ತೀನಿ. ಅಲ್ಲೀವರೆಗೆ ಒಬ್ರೇ ಇರ್ತೀರಾ ತಾನೇ?”

“ನಾನೇನು ಮಗುವೇನೇ?”

ಈ ‘ನನಗೇನು ಕಡಿಮೆ’ ಎಂಬ ಮಾತು ಅಪ್ಪಯ್ಯನವರ ಬಾಯಿಂದ ತಾನಾಗಿಯೇ ಬರುತ್ತಿತ್ತು, ಸೀನು ಬಂದ ಹಾಗೆ. ತಡೆಯಬೇಕೆಂದು ನೆನಪಾಗುವುದರೊಳಗೆ ಬಂದುಬಿಟ್ಟಿರುತ್ತಿತ್ತು. ಸಂಜೆ ಏಳಕ್ಕೆ ಹಾಸನದಿಂದ ಫೋನು ಬರುತ್ತಿತ್ತು. “ಆರಾಮಾ?” ಎಂದು ಆಕೆ, “ಆರಾಮ” ಎಂದು ಇವರು. ಅಷ್ಟಾಗಿ ಫೋನು ಕೆಳಗಿಟ್ಟು ನೋಡಿದರೆ ಮೇಜಿನ ಮೇಲೆ ಎರಡು ಲೋಟ ಕಾಫಿ. ಒಂದನ್ನೇ ಮಾಡಬೇಕೆಂದು ಬೆಳಿಗ್ಗೆ ನಿಶ್ಚಯಿಸಿದ್ದರೂ ಡಿಕಾಕ್ಷನ್ ಸುರಿಯುವ ಕೈಗೆ ಆ ಸುದ್ದಿ ತಲುಪಿರುತ್ತಿರಲಿಲ್ಲ. ಒಂದನ್ನು ಬಿಸಿಯಾಗಿ, ಇನ್ನೊಂದನ್ನು ತಣ್ಣಗೆ ಕುಡಿಯುವುದು ಅವರಿಗೆ ಅಭ್ಯಾಸವಾಯಿತು.

ಹಾಸನವೇನು ಸಪ್ತಸಾಗರದ ಆಚೆ ಇಲ್ಲ, ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತಿದರೆ ನಾಲ್ಕು ಗಂಟೆಯ ದಾರಿ. ನಾಮಕರಣಕ್ಕೆ ಅಪ್ಪಯ್ಯನವರೂ ಹೋಗಿ ಬಂದಿದ್ದರು. ಆದರೆ ಅದು ಎರಡು ಕೋಣೆಯ ಮನೆ, ಬೀಗಿತ್ತಿಯೂ ಅಲ್ಲೇ ಇದ್ದರು. ಹಾಲ್‌ನಲ್ಲಿ ತೊಟ್ಟಿಲ ಕೆಳಗೆ ಕಾಲು ಚಾಚಿ ಮಲಗಿ, ಮೂರನೆಯ ದಿನ “ನೀರು ಬಿಡೋ ದಿನ ಮನೇಲಿ ಯಾರಾದ್ರೂ ಇರಬೇಕಲ್ಲ” ಎಂದು ಎದ್ದು ಬಂದಿದ್ದರು. ಹಾಗೆಂದ ಮೇಲೆ ದಿನ ಬಿಟ್ಟು ದಿನ ನೀರು ಹಿಡಿಯುತ್ತ ಕೂರುವುದು ಅನಿವಾರ್ಯವಾಯಿತು.

ಅಂಗಡಿಯಲ್ಲಿ ಹೊಸ ರಗ್ಗು ಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾರಾಯಣಮ್ಮನೂ ಫೋನಿನಲ್ಲಿ ಅದನ್ನೇ ಹೇಳಿದರು. ಆದರೆ ಕೊಂಡುಬಿಟ್ಟರೆ ಚಳಿ ಎಂದು ದೂರುವ ಹಕ್ಕು ಹೋಗುತ್ತದೆ. ಆ ಹಕ್ಕನ್ನು ಅವರು ಇದುವರೆಗೆ ಒಮ್ಮೆಯೂ ಚಲಾಯಿಸಿರಲಿಲ್ಲ. ಆದರೂ ಕೈಯಲ್ಲಿರಲಿ ಎಂದು ಇಟ್ಟುಕೊಂಡಿದ್ದರು.

ಅಪ್ಪಯ್ಯನವರು ಮೂವತ್ತನಾಲ್ಕು ವರ್ಷ ಸರ್ಕಾರಿ ಅಚ್ಚುಕೂಟದ ಬೈಂಡಿಂಗ್ ವಿಭಾಗದಲ್ಲಿ ದುಡಿದವರು. ಮೇಣ ಸವರಿದ ದಾರವನ್ನು ದಬ್ಬಣಕ್ಕೆ ಪೋಣಿಸಿ ಅವರು ಹೊಲಿದ ರಿಜಿಸ್ಟರುಗಳಲ್ಲಿ ಒಂದೇ ಒಂದು ಹಾಳೆ ಉದುರಿದ ಉದಾಹರಣೆ ಇರಲಿಲ್ಲ. “ಕಾಗದ ಹರಿದೀತು, ಅಪ್ಪಯ್ಯನ ಹೊಲಿಗೆ ಬಿಡೋದಿಲ್ಲ” ಎಂದು ಸಾಹೇಬರು ಬೀಳ್ಕೊಡುಗೆಯ ದಿನ ಮೈಕಿನಲ್ಲೇ ಹೇಳಿದ್ದರು. ಅಚ್ಚುಕೂಟದ ಇನ್ನೊಂದು ಅಭ್ಯಾಸವೂ ಅವರ ಜೊತೆ ಮನೆಗೆ ಬಂದಿತ್ತು: ಅಲ್ಲಿ ಪ್ರತಿಯೊಂದು ಕೆಲಸಕ್ಕೂ ಒಂದು ಚೀಟಿ ಕಟ್ಟುತ್ತಿದ್ದರು. ಯಾರಿಗೆ, ಏನು ಕೆಲಸ, ಗಡುವು ಯಾವಾಗ, ಷರಾ ಏನು ಎಂದು ನಾಲ್ಕು ಸಾಲು. ನಿವೃತ್ತಿಯಾದ ಮೇಲೆ ಉಪ್ಪಿನಕಾಯಿ ಜಾಡಿಗೂ ಗ್ಯಾಸ್ ಸಿಲಿಂಡರಿಗೂ ಅಂಥ ಚೀಟಿಗಳು ತೂಗತೊಡಗಿದವು. “ನನ್ನ ಕೊರಳಿಗೊಂದು ಕಟ್ಟಿಲ್ಲ, ಪುಣ್ಯ” ಎಂದು ನಾರಾಯಣಮ್ಮ ವಠಾರದಲ್ಲೆಲ್ಲ ಹೇಳಿಕೊಂಡು ನಗುತ್ತಿದ್ದರು.

ಕೌದಿಯ ಯೋಚನೆ ಬಂದದ್ದು ಟ್ರಂಕಿನಿಂದ. ಸ್ವೆಟರ್ ಹುಡುಕಲು ಮುಚ್ಚಳ ತೆಗೆದರೆ ಮೇಲೆಯೇ ನಾರಾಯಣಮ್ಮನ ಹಳೆಯ ನೂಲಿನ ಸೀರೆಗಳು. ತೊಳೆದು ತೊಳೆದು ಮೆತ್ತಗಾದವು. ಅಪ್ಪಯ್ಯನವರ ತಲೆಯಲ್ಲಿ ದೀಪ ಹತ್ತಿತು. ಇವನ್ನು ಸೇರಿಸಿ, ನಡುವೆ ಹತ್ತಿ ತುಂಬಿ, ಇಬ್ಬರು ಹೊದೆಯುವಷ್ಟು ಅಗಲದ ಕೌದಿಯೊಂದನ್ನು ಸ್ವಹಸ್ತದಿಂದ ನಿರ್ಮಿಸಿ, ಸಂಕ್ರಾಂತಿಗೆ ಆಕೆ ಬಾಗಿಲು ದಾಟಿ ಬಂದೊಡನೆ ಮಂಚದ ಮೇಲೆ ಹಾಸಿ ತೋರಿಸಿದರೆ! ಆಕೆ ಮೂಗಿನ ಮೇಲೆ ಬೆರಳಿಟ್ಟುಕೊಳ್ಳುವ ಚಿತ್ರವೂ ಅವರಿಗೆ ಆಗಲೇ ಕಂಡಿತು. ನೀಲಿ ಸೀರೆಯೊಂದನ್ನು ಮೂಸಿ ನೋಡಿದರು. (ನುಸಿಗುಳಿಗೆಯ ವಾಸನೆ ಹೋಗಿದೆಯೇ ಎಂದು ಪರೀಕ್ಷಿಸಲು, ಬೇರೇನೂ ಇಲ್ಲ.)

ಕೌದಿಯ ವಿಷಯದಲ್ಲಿ ಅಪ್ಪಯ್ಯನವರು ಪೂರಾ ಅಜ್ಞಾನಿಗಳಲ್ಲ. ಮದುವೆಯಾದ ಹೊಸತರಲ್ಲಿ ಚಳ್ಳಕೆರೆಯ ಅತ್ತೆಮನೆಯಲ್ಲಿ ಕೌದಿ ಹೊಲಿಯುವುದನ್ನು ಅವರು ಕುಳಿತು ನೋಡಿದ್ದರು. ಆ ಮನೆಯಲ್ಲೊಂದು ಪದ್ಧತಿ: ಖಾಲಿ ಹೊಟ್ಟೆಯಲ್ಲಿ ಕೌದಿಯನ್ನು ಮುಚ್ಚಬಾರದು. ಕೊನೆಯ ಮೂಲೆ ಹೊಲಿಯುವ ಮುನ್ನ ಅದರೊಳಗೆ ಸಿಹಿ ಇಟ್ಟು, ಹೊದೆಯುವವರ ಹೆಸರು ಹೇಳಿ ಹೊಲಿಯಬೇಕು. ಹಸಿದ ಕೌದಿ ಹೊದ್ದವರ ನಿದ್ದೆಯನ್ನೇ ತಿನ್ನುತ್ತದಂತೆ. ಮುಚ್ಚಿದ ಹೊಟ್ಟೆಯನ್ನು ಮತ್ತೆ ಬಿಚ್ಚಲೂಬಾರದು. ಇಷ್ಟೆಲ್ಲ ಅವರಿಗೆ ಚೆನ್ನಾಗಿ ನೆನಪಿತ್ತು. ಎಷ್ಟು ಸಿಹಿ ಇಟ್ಟರು ಎನ್ನುವುದೊಂದು ಮಾತ್ರ ನೆನಪಿರಲಿಲ್ಲ. ಏಕೆಂದರೆ ಆ ಹೊತ್ತಿನಲ್ಲಿ ಅವರು ಮೂಲೆಯನ್ನು ನೋಡುತ್ತಿರಲಿಲ್ಲ, ಮೂಲೆ ಹಿಡಿದು ಕುಳಿತಿದ್ದ ಹೊಸ ಹೆಂಡತಿಯನ್ನು ನೋಡುತ್ತಿದ್ದರು.

ಹತ್ತಿಗಾಗಿ ಕೃಷ್ಣರಾಜ ಮಾರುಕಟ್ಟೆಯ ಹಿಂದೆ ಹಾಸಿಗೆ ಅಂಗಡಿಯ ಕಾಳಪ್ಪನ ಬಳಿ ಹೋದರು.

“ಎಷ್ಟು ಕೊಡ್ಲಿ ಸ್ವಾಮಿ?”

“ಇಬ್ಬರು ಹೊದ್ಕೊಳ್ಳೋ ಕೌದಿಗೆ ಆಗೋವಷ್ಟು.”

“ಇಬ್ಬರೂ ನಿಮ್ಮ ಸೈಜೇನಾ?”

“ಒಬ್ಬರು ಸ್ವಲ್ಪ ಅಗಲ. ಈಗ ಊರಲ್ಲಿಲ್ಲ.”

“ಹಂಗಾದ್ರೆ ಈಗ ಒಬ್ರಿಗೆ ತಗೊಂಡ್ಹೋಗಿ. ಅವ್ರು ಬಂದ್ಮೇಲೆ ಮಿಕ್ಕಿದ್ದು ತುಂಬ್ಸಿದ್ರಾಯ್ತು.”

“ಬರ್ತಾರೆ ಕಣಯ್ಯ! ಸಂಕ್ರಾಂತಿಗೆ ಬಂದೇ ಬರ್ತಾರೆ!” ಎಂದು ಅಪ್ಪಯ್ಯನವರು ಅಗತ್ಯಕ್ಕಿಂತ ಜೋರಾಗಿ ಹೇಳಿದರು. ಕಾಳಪ್ಪ ಇಬ್ಬರಿಗಾಗುವಷ್ಟು ಹತ್ತಿ ಕಟ್ಟಿಕೊಟ್ಟ. ತಮಗಿಂತ ದಪ್ಪವಾದ ಗಂಟನ್ನು ತಬ್ಬಿಕೊಂಡು ಅವರು ಮನೆಗೆ ನಡೆದುಬಂದರು.

ಮೂರು ದಿನ ಬಾಗಿಲು ಹಾಕಿಕೊಂಡು ಹೊಲಿದರು. ನಾರಾಯಣಮ್ಮನ ಸೂಜಿ ಡಬ್ಬಿಯನ್ನು ಮುಟ್ಟುವ ಧೈರ್ಯ ಅವರಿಗಿರಲಿಲ್ಲ. ಅದರಲ್ಲಿ ಐದು ಸೂಜಿಗಳಿದ್ದವು. ಆಕೆ ವಾರಕ್ಕೊಮ್ಮೆ ಎಣಿಸುತ್ತಿದ್ದರು. ಚಿಕ್ಕಂದಿನಲ್ಲಿ ಆಕೆಯ ತಂಗಿಯ ಅಂಗಾಲಿಗೆ ಸೂಜಿ ಹೊಕ್ಕು ಊರೆಲ್ಲ ಅತ್ತಿತ್ತಂತೆ. ಅಂದಿನಿಂದ ಕಳೆದುಹೋದ ಸೂಜಿ ಎಂದರೆ ಆಕೆಗೆ ಹಾವು ಹೊಕ್ಕ ಮನೆಯಂತೆ. ಹಾಗಾಗಿ ಅಪ್ಪಯ್ಯನವರು ತಮ್ಮ ದಬ್ಬಣವನ್ನೇ ಬಳಸಿದರು. ಎರಡು ಪದರ ಸೀರೆ, ನಡುವೆ ಹತ್ತಿ, ನಾಲ್ಕು ಅಂಚಿಗೂ ಮೇಣದ ದಾರದ ಬೈಂಡಿಂಗ್ ಹೊಲಿಗೆ. ಮಧ್ಯದಲ್ಲಿ ಸಾಲು ಸಾಲಾಗಿ ಹೊಲಿಯಬೇಕೆಂಬುದು ಅವರಿಗೆ ಹೊಳೆಯಲೇ ಇಲ್ಲ. ಪುಸ್ತಕಕ್ಕೆ ಅಂಚಿನಲ್ಲಿ ಹೊಲಿಯುತ್ತಾರೆಯೇ ಹೊರತು ಪುಟದ ನಡುವೆ ಹೊಲಿಯುತ್ತಾರೆಯೇ?

ಕೊನೆಯ ಮೂಲೆ ಉಳಿಯಿತು. ಅಂಗಡಿಯಿಂದ ಕಾಯಿ ಒಬ್ಬಟ್ಟು ತಂದಿದ್ದರು. ಇಬ್ಬರ ಕೌದಿಗೆ ಚೂರು ಸಾಲದು, ಜಿಪುಣತನವೇಕೆ ಎಂದು ಇಡೀ ಒಬ್ಬಟ್ಟನ್ನು ನಾಲ್ಕಾಗಿ ಮಡಿಸಿ, ಮೇಲೊಂದು ಚಮಚ ತುಪ್ಪವನ್ನೂ ಹಾಕಿ ಒಳಗಿಟ್ಟರು. ಬಾಗಿಲ ಚಿಲಕ ಇನ್ನೊಮ್ಮೆ ನೋಡಿಕೊಂಡು, “ನಾರಾಯಣಮ್ಮ” ಎಂದರು. ಎರಡು ತಿಂಗಳಿಂದ ಆ ಮನೆಯಲ್ಲಿ ಯಾರೂ ಕೂಗದ ಹೆಸರು. ಗೋಡೆಗೆ ತಾಕಿ ವಾಪಸು ಬಂದಾಗ ಅವರಿಗೇ ಒಂದು ಥರ ಆಯಿತು. ಬೇಗಬೇಗ ಹೊಲಿದು ಮುಚ್ಚಿದರು.

ಮುಗಿದ ಕೌದಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಒಳಗಿನ ಹತ್ತಿಯೆಲ್ಲ ಗುಡುಗುಡು ಎಂದು ಕೆಳಕ್ಕೆ ಜಾರಿತು. ಈಗ ಮೇಲರ್ಧ ಬರಿಯ ಸೀರೆ, ಕೆಳಗರ್ಧ ಹಾಸಿಗೆ. ಕಾಲಿಗೆ ತಾನೇ ಚಳಿ ಹೆಚ್ಚು ಎಂದು ಅಪ್ಪಯ್ಯನವರು ತಮಗೆ ತಾವೇ ವಿವರಿಸಿಕೊಂಡು, ಮರುದಿನ ಮಧ್ಯಾಹ್ನ ಊಟವಾದ ಮೇಲೆ ಪರೀಕ್ಷಾರ್ಥ ಹೊದ್ದು ಮಲಗಿದರು.

ಕಾಲಿಗೆ ಬೆಚ್ಚಗಾಯಿತು. ಮತ್ತೆ ಇನ್ನಷ್ಟು ಬೆಚ್ಚಗಾಯಿತು. ಆಮೇಲೆ ಉರಿಯತೊಡಗಿತು. ಹತ್ತಿಗೆ ಇಷ್ಟು ಶಕ್ತಿಯೇ ಎಂದು ಆಶ್ಚರ್ಯಪಡುವಷ್ಟರಲ್ಲಿ ಉರಿ ಮೊಣಕಾಲು ದಾಟಿ ಮೇಲೇರಿತು. ಎದ್ದು ನೋಡಿದರೆ ಕಿಟಕಿಯಿಂದ ಮಂಚದವರೆಗೆ ಕೆಂಪಿರುವೆಗಳ ಮೆರವಣಿಗೆ! ಅಪ್ಪಯ್ಯನವರು ಕೌದಿಯ ಸಮೇತ ವಠಾರದ ಅಂಗಳಕ್ಕೆ ಹಾರಿ ಬಂದು ತಕತಕ ಕುಣಿದರು.

ಎದುರು ಮನೆಯ ವಿಶಾಲಮ್ಮ ಸೊಪ್ಪು ಹೆಚ್ಚುತ್ತ ಕುಳಿತಿದ್ದವರು ಈಳಿಗೆಮಣೆ ಹಿಡಿದುಕೊಂಡೇ ಓಡಿಬಂದರು.

“ಏನಣ್ಣಾ, ಏನಾಯ್ತು? ಮೈಮೇಲೆ ಏನು ಬಿತ್ತು?”

“ಏನಿಲ್ಲಮ್ಮ... ಕೌದಿ... ಅಯ್ಯಯ್ಯೋ... ಏನೂ ಇಲ್ಲ, ಆರಾಮ!”

ವಿಶಾಲಮ್ಮ ಕೌದಿಯನ್ನು ಕಸಿದುಕೊಂಡು ಇರುವೆಯ ಸಾಲನ್ನು ಹಿಂಬಾಲಿಸಿ ಮೂಲೆಯನ್ನು ಪತ್ತೆ ಮಾಡಿದರು. ಕೈಯಲ್ಲಿ ಎಳೆದರು, ದಾರ ಬಿಡಲಿಲ್ಲ. ಹಲ್ಲಿನಲ್ಲಿ ಕಚ್ಚಿದರು, ಹಲ್ಲೇ ಬಿಡುವ ಹಾಗಾಯಿತು. ಕೊನೆಗೆ ಈಳಿಗೆಮಣೆಯ ಮೇಲೆ ಕುಂಬಳಕಾಯಿ ಹೆಚ್ಚುವ ಹಾಗೆ ಕುಳಿತು, ಕಾಲು ಗಂಟೆ ಉಜ್ಜಿ ಕತ್ತರಿಸಿದರು. ಒಬ್ಬಟ್ಟು ಹೊರಬಂತು.

“ಅಣ್ಣಾ, ಇದು ಕೌದಿನೋ ಊಟದ ಡಬ್ಬಿನೋ?”

ಅಪ್ಪಯ್ಯನವರು ಪದ್ಧತಿಯನ್ನು ವಿವರಿಸಿದರು.

“ಗೊತ್ತಣ್ಣ, ನಮ್ಮಜ್ಜೀನೂ ಇಡ್ತಿದ್ರು. ಒಂದು ಸಾಸಿವೆ ಕಾಳಷ್ಟು ಬೆಲ್ಲ, ಶಾಸ್ತ್ರಕ್ಕೆ. ನೀವು ಬೀಗರೂಟವನ್ನೇ ಇಟ್ಟಿದೀರಲ್ಲ! ಅಲ್ಲಾ, ಮಧ್ಯದಲ್ಲಿ ಹೊಲಿಗೇನೇ ಹಾಕಿಲ್ಲ?”

“ಪುಸ್ತಕಕ್ಕೆ ಮಧ್ಯದಲ್ಲಿ ಹಾಕಲ್ಲಮ್ಮ.”

“ಇದನ್ನ ಓದ್ತೀರಾ, ಹೊದೀತೀರಾ?” ಎಂದ ವಿಶಾಲಮ್ಮ ಅವರ ಕಾಲಿನ ಕೆಂಪು ದದ್ದುಗಳನ್ನು ನೋಡಿ ಸ್ವಲ್ಪ ಮೆತ್ತಗಾದರು. “ಕೌದಿ ಒಬ್ರು ಹೊಲಿಯೋ ಕೆಲಸ ಅಲ್ಲಣ್ಣ. ನಾಲ್ಕು ಮೂಲೆಗೆ ನಾಲ್ಕು ಜನ ಬೇಕು. ಒಂದು ಮಾತು ಕರೀಬಾರ್ದಿತ್ತಾ?”

“ನನಗೇನು...” ಎಂದು ಶುರುಮಾಡಿದ ಅಪ್ಪಯ್ಯನವರು ಆ ಒಂದು ಸಲ ಮಾತನ್ನು ನುಂಗಿಕೊಂಡರು.

ಎರಡು ದಿನ ಹತ್ತಿಗೆ ಬಿಸಿಲು ಕೊಟ್ಟಾಯಿತು. ಭಾನುವಾರ ಬೆಳಿಗ್ಗೆ ವಿಶಾಲಮ್ಮ, ಆಕೆಯ ಓರಗಿತ್ತಿ, ಕೊನೆಮನೆಯ ಅಜ್ಜಿ, ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದ ಬ್ಯಾಂಕಿನ ಹುಡುಗಿ ಸುಪ್ರಜಾ, ಹೀಗೆ ನಾಲ್ವರು ಅಪ್ಪಯ್ಯನವರ ನಡುಮನೆಯಲ್ಲಿ ನಾಲ್ಕು ಮೂಲೆ ಹಿಡಿದು ಕುಳಿತರು. ಹತ್ತಿಯನ್ನು ಸಮವಾಗಿ ಹರಡಿ, ಅಂಚಿನಿಂದ ನಡುವಿನ ಕಡೆಗೆ ಸಾಲು ಹೊಲಿಗೆ ಹಾಕುತ್ತ ಬಂದರು. ಅಜ್ಜಿ ತಮ್ಮ ಮದುವೆಯಲ್ಲಿ ಪಲ್ಯಕ್ಕೆ ಉಪ್ಪು ಹಾಕದೆ ಬಡಿಸಿದ ಕಥೆ ಹೇಳಿದರು. ಓರಗಿತ್ತಿ ಬಿದ್ದು ಬಿದ್ದು ನಕ್ಕಳು. ಸುಪ್ರಜಾ ತನ್ನ ಬೆರಳನ್ನೇ ಸೀರೆಗೆ ಸೇರಿಸಿ ಹೊಲಿದುಕೊಂಡಳು. ಅಪ್ಪಯ್ಯನವರಿಗೆ ಕಾಫಿ ಮಾಡುವ ಕೆಲಸ ಬಿತ್ತು. ಐದು ಲೋಟ ಸಾಲಾಗಿ ಇಟ್ಟು ಡಿಕಾಕ್ಷನ್ ಸುರಿದರು. ಒಂದೂ ಮಿಗಲಿಲ್ಲ, ಒಂದೂ ಆರಲಿಲ್ಲ. ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತು, ನಡುಮನೆ ತುಂಬಿರುವುದನ್ನು ನೋಡಿ, ಅವರ ಮುಖ ತಾನಾಗಿಯೇ ಅರಳಿತು.

ಸರಿಯಾಗಿ ಆ ಕ್ಷಣದಲ್ಲಿ ಸುಪ್ರಜಾಗೆ ಒಂದು ಸದ್ಬುದ್ಧಿ ಹುಟ್ಟಿತು. “ಆಂಟಿಗೆ ತೋರಿಸೋಣ ಅಂಕಲ್, ಖುಷಿ ಪಡ್ತಾರೆ!” ಎಂದವಳೇ ಹಾಸನಕ್ಕೆ ವಿಡಿಯೋ ಕಾಲ್ ಮಾಡಿಬಿಟ್ಟಳು. ಪರದೆಯ ಮೇಲೆ ನಾರಾಯಣಮ್ಮನ ಮುಖ ಮೂಡಿತು.

“ಏನ್ರೀ ಇದು, ಮದುವೆ ಮನೆ ಥರ ಇದೆ!”

“ಏನಿಲ್ಲ ಕಣೇ, ಒಂದು ಕೌದಿ...”

“ನೀವು ಹೊಲಿದಿದ್ದಾ? ವಿಶಾಲಮ್ಮಾ, ನಿಜಾನಾ?”

ಇರುವೆಯ ಪ್ರಕರಣವನ್ನು ವಿಶಾಲಮ್ಮ ಹೇಳಿಬಿಟ್ಟರೆ ಮಾನ ಹೋಯಿತು ಎಂದು ಅಪ್ಪಯ್ಯನವರು ಉಸಿರು ಬಿಗಿಹಿಡಿದರು. ಆದರೆ ವಿಶಾಲಮ್ಮ ದೊಡ್ಡ ಮನಸ್ಸಿನ ಹೆಂಗಸು. “ಅಣ್ಣಾವ್ರೇ ಎಲ್ಲಾ ಮಾಡಿದ್ದು ಕಣಮ್ಮ. ನಾವು ಸುಮ್ನೆ ಮೂಲೆ ಹಿಡ್ಕೊಂಡಿದೀವಿ ಅಷ್ಟೆ. ನೀವೇನೂ ಯೋಚ್ನೆ ಮಾಡ್ಬೇಡಿ, ರಾಜರ ಥರ ಇದಾರೆ” ಎಂದುಬಿಟ್ಟರು. (ಆ ದೊಡ್ಡ ಮನಸ್ಸನ್ನು ಅಪ್ಪಯ್ಯನವರು ಇಂದಿಗೂ ಪೂರ್ತಿಯಾಗಿ ಕ್ಷಮಿಸಿಲ್ಲ.)

ನಾರಾಯಣಮ್ಮ ಕಣ್ಣರಳಿಸಿ ಗಂಡನನ್ನೂ ಕಾಫಿಯ ತಟ್ಟೆಯನ್ನೂ ನೋಡಿದರು. “ನಾನೊಬ್ಬಳು ಹುಚ್ಚಿ. ನೀವು ಒಬ್ರೇ ಚಳೀಲಿ ಮುದುಡ್ಕೊಂಡು ಕೂತಿರ್ತೀರ ಅಂತ ಇಲ್ಲಿ ದಿನಾ ಕೊರಗ್ತಿದ್ದೆ. ಅಳಿಯಂದ್ರ ಕೈಲಿ ಹದಿಮೂರನೇ ತಾರೀಕಿಗೆ ಟಿಕೆಟ್ಟೂ ಮಾಡ್ಸಿದ್ದೆ.”

“ಮಾಡ್ಸಿದೀಯಾ?” ಅಪ್ಪಯ್ಯನವರು ತಟ್ಟೆ ಹಿಡಿದೇ ಪರದೆಯ ಹತ್ತಿರಕ್ಕೆ ಬಂದರು.

“ಕ್ಯಾನ್ಸಲ್ ಮಾಡ್ಸಿದ್ರಾಯ್ತು ಬಿಡಿ. ಇನ್ನೇನು ನೆಮ್ಮದಿ. ಬಿಂದುಗೂ ಇನ್ನೂ ಸೊಂಟ ನೋವು ಪೂರ್ತಿ ಹೋಗಿಲ್ಲ. ಯುಗಾದಿಗೆ ಬರ್ಲಾ? ಇಲ್ಲ, ಈಗ್ಲೇ ಬಾ ಅಂದ್ರೆ ಬರ್ತೀನಿ. ಹೇಳಿ.”

ಬಾ ಎಂಬುದು ಒಂದಕ್ಷರದ ಮಾತು. ಮೂವತ್ತನಾಲ್ಕು ವರ್ಷ ಸಾವಿರ ಪುಟಗಳ ಸಂಪುಟಗಳನ್ನು ಎತ್ತಿದ ಮನುಷ್ಯನಿಗೆ ಅದು ಎಷ್ಟರ ಭಾರ? ಆದರೆ ನಾಲ್ಕು ಜನ ಹೆಂಗಸರು ಸೂಜಿ ನಿಲ್ಲಿಸಿ ಅವರ ಬಾಯನ್ನೇ ನೋಡುತ್ತಿದ್ದರು. ಅಪ್ಪಯ್ಯನವರು ಬಾಯಿ ತೆರೆದರು. ಸೀನು ಬಂದ ಹಾಗೆ ಬಂದೇಬಿಟ್ಟಿತು:

“ಇರು ಇರು, ಅದಕ್ಕೇನು! ನನಗೇನು ಕಡಿಮೆ?”

“ಹಂಗಾದ್ರೆ ಒಂದು ಕೆಲಸ ಮಾಡಿ. ಆ ಕೌದೀನ ಇಲ್ಲಿಗೆ ಕಳಿಸ್ಬಿಡಿ. ಮಗು ನೆಲದ ಮೇಲೆ ಕೈಕಾಲು ಆಡಿಸೋಕೆ ಶುರುಮಾಡಿದೆ, ಕೆಳಗೆ ಹಾಸಿದ್ರೆ ಮೆತ್ತಗಿರತ್ತೆ. ನಿಮಗೆ ಹೇಗೂ ಬೆಂಗಳೂರಲ್ಲಿ ಚಳಿ ಇಲ್ವಲ್ಲ!”

ಸಂಜೆಯಾಗುತ್ತಲೇ ಎಲ್ಲರೂ ಅವರವರ ಮನೆಗೆ ಹೋದರು. “ಕೊನೇ ಮೂಲೆ ನೀವೇ ಮುಚ್ಚಿ ಅಣ್ಣ, ನಿಮ್ಮ ಶಾಸ್ತ್ರ” ಎಂದು ವಿಶಾಲಮ್ಮ ಒಂದು ಬೆಲ್ಲದ ಚೂರನ್ನು ಕೈಗಿಟ್ಟು ಹೋಗಿದ್ದರು. ಸಿಂಕಿನಲ್ಲಿ ಐದು ಲೋಟಗಳು. ಅವನ್ನು ತೊಳೆಯದೆ ಹಾಗೆಯೇ ಬಿಟ್ಟು ಅಪ್ಪಯ್ಯನವರು ಮೂಲೆಯ ಮುಂದೆ ಕುಳಿತರು. ಬೆಲ್ಲವನ್ನು ಬಾಯಿಗೆ ಹಾಕಿಕೊಂಡರು. ಆಮೇಲೆ ಎದ್ದು ಮೇಜಿನ ಖಾನೆಯಿಂದ ಅಚ್ಚುಕೂಟದ ಕಾಲದ ಗಟ್ಟಿ ಕಾಗದದ ಚೀಟಿಯೊಂದನ್ನು ತೆಗೆದು, ದುಂಡು ಅಕ್ಷರದಲ್ಲಿ ಬರೆದರು:

ಯಾರಿಗೆ: ನಾರಾಯಣಮ್ಮ.
ಕೆಲಸ: ಮನೆಗೆ ಬರುವುದು.
ಗಡುವು: ಸಂಕ್ರಾಂತಿ.
ಷರಾ: ಆರಾಮ ಎಂದು ಹೇಳಿದ್ದು ಸುಳ್ಳು. ತುರ್ತು.

ತಮ್ಮ ಕೆಲಸವೆಂದರೆ ಹೆಂಡತಿಗೆ ಎಳ್ಳಷ್ಟೂ ನಂಬಿಕೆಯಿಲ್ಲ, ಶಾಸ್ತ್ರ ಏನೇ ಹೇಳಲಿ, ಮೂಲೆಯಲ್ಲಿ ಏನಿಟ್ಟಿದ್ದಾರೋ ಎಂದು ಬಿಚ್ಚಿ ನೋಡಿಯೇ ನೋಡುತ್ತಾಳೆ ಎನ್ನುವುದು ಅವರ ಲೆಕ್ಕಾಚಾರ. ಚೀಟಿಯನ್ನು ಮಡಿಸಿ ಒಳಗಿಟ್ಟರು. ದಾರಿಯಲ್ಲಿ ಬಿದ್ದುಹೋದರೆ ಎಂಬ ಭಯದಿಂದ ದಾರಕ್ಕೆ ಎರಡು ಸಲ ಮೇಣ ಸವರಿ, ಹೊಲಿಗೆಯ ಮೇಲೆ ಹೊಲಿಗೆ ಹಾಕಿ, ಏಳು ಗಂಟು ಬಿಗಿದರು. ಮರುದಿನ ಮೆಜೆಸ್ಟಿಕ್‌ಗೆ ಹೋಗಿ ಹಾಸನದ ಬಸ್ಸಿಗೆ ಪಾರ್ಸಲ್ ಹಾಕಿದರು.

“ಬಂತೇನೇ?” ಎಂದು ಆ ಸಂಜೆ ತಾವೇ ಮೊದಲು ಫೋನು ಮಾಡಿದರು.

“ಬಂತು ಬಂತು! ಎಷ್ಟು ಚೆನ್ನಾಗಿದೆ ರೀ. ಬೀಗಿತ್ತಿ ಎರಡು ಸಲ ಹೊಗಳಿದ್ರು.”

“ಮೂಲೆ ನೋಡಿದ್ಯಾ?”

“ನೋಡ್ದೆ. ಗಟ್ಟಿಯಾಗಿ ಹೊಲಿದಿದೀರ. ಹೊಟ್ಟೆ ತುಂಬಿಸಿದಾರೆ ಅಂತ ವಿಶಾಲಮ್ಮ ಹೇಳಿದ್ರು.”

“ಬಿಚ್ಚಿ ನೋಡಿದ್ಯಾ?”

“ಅಯ್ಯೋ! ಮುಚ್ಚಿದ ಹೊಟ್ಟೆ ಬಿಚ್ಚಬಾರ್ದು ರೀ. ಅಷ್ಟೂ ಗೊತ್ತಿಲ್ವಾ?”

ನಲವತ್ತು ವರ್ಷದ ಸಂಸಾರದಲ್ಲಿ ಎಲ್ಲವನ್ನೂ ಬಿಚ್ಚಿ ನೋಡಿದ ಹೆಂಡತಿ ಈ ಒಂದು ವಿಷಯದಲ್ಲಿ ಗಂಡನನ್ನು ಸಂಪೂರ್ಣವಾಗಿ ನಂಬಿದ್ದಳು. ಮುಂದಿನ ಸಂಜೆಗಳಲ್ಲಿ ಅಪ್ಪಯ್ಯನವರು ಸುತ್ತಿ ಬಳಸಿ ಪ್ರಯತ್ನಿಸಿದರು. ಮೂಲೆ ಸ್ವಲ್ಪ ದಪ್ಪ ಇದೆಯೇ ಎಂದರು. ಮಗು ಸುತ್ತ ದಪ್ಪ ಇದ್ದಷ್ಟೂ ಒಳ್ಳೆಯದು ಎಂದರು ಆಕೆ. ಒತ್ತಿದರೆ ಚರಚರ ಎನ್ನುತ್ತದೆಯೇ ಎಂದರು. ಹೌದು, ಮಗುವಿಗೆ ಆ ಸದ್ದೆಂದರೆ ಪ್ರಾಣ, ಗಿಲಕಿಯೇ ಬೇಡ ಎಂದರು. ಕ್ಯಾಲೆಂಡರಿನಲ್ಲಿ ಹದಿಮೂರನೆಯ ತಾರೀಕು ನಾಲ್ಕು ಮನೆ ದೂರದಲ್ಲಿತ್ತು. ಇನ್ನು ತಡೆಯಲಾಗಲಿಲ್ಲ. ಬುದ್ಧಿ ಕೈಕೊಟ್ಟಾಗ ಮನುಷ್ಯ ಏನು ಹೇಳಬಾರದೋ ಅದನ್ನೇ ಹೇಳುತ್ತಾನೆ.

“ನೋಡೇ, ಆ ಮೂಲೆ ಒಂದ್ಸಲ ಬಿಚ್ಚಿಬಿಡು. ಒಳಗೆ... ಒಳಗೆ ಒಂದು ಸೂಜಿ ಉಳ್ಕೊಂಡಿದೆ ಅನ್ಸತ್ತೆ.”

ಆ ಕಡೆ ಹಾಸನವೇ ಎದ್ದು ಕೂಗಿತು.

“ಸೂಜೀನಾ! ಮಗು ಮಲಗೋ ಕೌದೀಲಿ ಸೂಜೀನಾ! ಬಿಂದೂ, ಮಗೂನ ಎತ್ಕೊಳ್ಳೇ! ಮೊದಲು ಎತ್ಕೋ!”

“ಅದೊಂದು ಮೂಲೇಲಿ ಮಾತ್ರ ಕಣೇ. ಬಿಚ್ಚಿದ್ರೆ...”

“ಮೂಲೆ ಅಂತ ಹೇಗ್ರೀ ಹೇಳ್ತೀರ? ಸೂಜಿ ಓಡಾಡುತ್ತೆ! ನನ್ನ ತಂಗಿ ಕಾಲಲ್ಲಿ ಓಡಾಡ್ಲಿಲ್ವಾ? ಯಾರೂ ಮುಟ್ಬೇಡಿ ಅದನ್ನ! ನಿಮ್ಮನ್ನ ನಂಬಿದ್ನಲ್ಲ, ನನಗೆ ಬುದ್ಧಿ ಬೇಡ್ವಾ!”

ಮರುದಿನ ಸಂಜೆ ಪಾರ್ಸಲ್ ವಾಪಸು ಬಂತು. ಹಳೆಯ ಪಂಚೆಯಲ್ಲಿ ಸುತ್ತಿ, ಹಗ್ಗ ಬಿಗಿದು, ಮೇಲೆ ನಾರಾಯಣಮ್ಮನ ಕೈಬರಹದಲ್ಲಿ ಒಂದು ಚೀಟಿ. ಅಪ್ಪಯ್ಯನವರ ಎದೆ ಹಾರಿತು. ಕನ್ನಡಕ ಹಾಕಿಕೊಂಡು ಓದಿದರು. ಯಾರಿಗೆ, ಏನು, ಗಡುವು ಒಂದೂ ಇರಲಿಲ್ಲ. ‘ಸೂಜಿ ಇದೆ. ಜೋಪಾನ’ ಎಂದಷ್ಟೇ ಇತ್ತು. ಕೌದಿಯ ಮೂಲೆ ಹಾಗೆಯೇ ಇತ್ತು. ಏಳು ಗಂಟಿನಲ್ಲಿ ಒಂದೂ ಅಲುಗಿರಲಿಲ್ಲ.

ಸಂಕ್ರಾಂತಿಯ ದಿನ ವಿಶಾಲಮ್ಮ ಎಳ್ಳುಬೆಲ್ಲ, ಕಬ್ಬು, ಸಕ್ಕರೆ ಅಚ್ಚು ತಂದುಕೊಟ್ಟರು. “ಕೌದಿ ವಾಪಸ್ ಬಂತಂತಲ್ಲಣ್ಣ, ಒಳ್ಳೇದಾಯ್ತು ಬಿಡಿ, ನಿಮಗೂ ಬೇಕಲ್ಲ” ಎಂದರು. ಬಾಗ್ಲು ತೆಗೆದೇ ಇಟ್ಟಿರಿ, ಮಕ್ಕಳು ಎಳ್ಳು ಬೀರೋಕೆ ಬರ್ತಾರೆ ಎಂದೂ ಹೇಳಿದರು. ಅವರು ತೆಗೆದೇ ಇಟ್ಟಿದ್ದರು. ಮಕ್ಕಳು ಬಂದು ಹೋದರು. ಮಧ್ಯಾಹ್ನ ಅಪ್ಪಯ್ಯನವರು ಆ ಮೂಲೆಯನ್ನು ಬಿಚ್ಚಲು ಕುಳಿತರು. ಗಡುವು ಮುಗಿದ ಚೀಟಿಯನ್ನು ಒಳಗಿಟ್ಟುಕೊಂಡು ಏನು ಪ್ರಯೋಜನ? ಒಂದು ಬ್ಲೇಡು ಮುರಿಯಿತು, ಇನ್ನೊಂದೂ ಮುರಿಯಿತು. ಹೊಲಿಗೆ ಬಿಡಲಿಲ್ಲ. ಸಾಹೇಬರು ಮೈಕಿನಲ್ಲಿ ಹೇಳಿದ್ದು ಅಕ್ಷರಶಃ ನಿಜ ಎಂದು ಅವರಿಗೆ ಅಂದು ಮನವರಿಕೆಯಾಯಿತು. ಬ್ಲೇಡಿನ ಚೂರುಗಳನ್ನು ಕಾಗದದಲ್ಲಿ ಸುತ್ತಿ ಎಸೆದು, ಕೌದಿ ಹೊದ್ದು ಮಂಚದ ಮೇಲೆ ಕುಳಿತರು.

ಬೆಚ್ಚಗಿತ್ತು. ನಾಲ್ಕು ಜನ ಹಾಕಿದ ಸಾಲುಗಳು ಹತ್ತಿಯನ್ನು ಎಲ್ಲಿಯೂ ಜಾರಲು ಬಿಟ್ಟಿರಲಿಲ್ಲ. ಇಬ್ಬರ ಅಗಲದ ಕೌದಿಯಾದ್ದರಿಂದ ಎಡಗಡೆ ಅರ್ಧ ಸುಮ್ಮನೆ ಮಡಿಸಿಕೊಂಡು ಬಿದ್ದಿತ್ತು.

ಏಳು ಗಂಟೆಗೆ ಫೋನು ಬಂತು.

“ಎಳ್ಳುಬೆಲ್ಲ ತಿಂದ್ರಾ?”

“ತಿಂದೆ.”

“ಸೂಜಿ ಸಿಕ್ತೇನ್ರೀ?”

“ಇಲ್ಲ ಕಣೇ. ಒಳಗೇ ಇದೆ.”

“ಹಂಗಾದ್ರೆ ಹೊದೀಬೇಡಿ ಅದನ್ನ! ಎಲ್ಲಾದ್ರೂ ಚುಚ್ಚೀತು!”

“ಇರಲಿ ಬಿಡು. ಚಳಿ ಜಾಸ್ತಿ ಇದೆ.”

ಚಳಿ ಎಂಬ ಮಾತನ್ನು ಆ ಮನುಷ್ಯನ ಬಾಯಲ್ಲಿ ನಾರಾಯಣಮ್ಮ ಮೊದಲ ಸಲ ಕೇಳಿದ್ದರು.

“ರೀ... ಆರಾಮಾ?”

ಅಪ್ಪಯ್ಯನವರು ಕಾಲನ್ನು ಸ್ವಲ್ಪ ಒಳಕ್ಕೆಳೆದುಕೊಂಡರು. ಪಾದದ ಬಳಿ, ಮೂಲೆಯೊಳಗೆ, ಗಟ್ಟಿ ಕಾಗದ ಚರಕ್ ಎಂದಿತು.

“ಆರಾಮ” ಎಂದರು.